ಗಿಟಾರ್ ತಂತಿ ಬದಲಿಸಲು ಕೈ ವೈಂಡರ್ ಸಾಕೇ, ಬ್ಯಾಟರಿಯದು ಬೇಕೇ?

ಮಂಗಳೂರಿನಲ್ಲಿ ಗಿಟಾರ್ ಕಲಿಸುವವರಿಗೆ ತಂತಿ ಬದಲಿಸುವ ಕೆಲಸ ತಪ್ಪಿದ್ದಲ್ಲ. ಕಡಲ ಗಾಳಿಯ ಉಪ್ಪು, ತಿಂಗಳುಗಟ್ಟಲೆ ಸುರಿಯುವ ಮಳೆ, ಮಕ್ಕಳ ಬೆವರುವ ಬೆರಳು ಎಲ್ಲ ಸೇರಿ ಹೊಳೆಯುತ್ತಿದ್ದ ಸ್ಟೀಲ್ ತಂತಿ ನೋಡುನೋಡುತ್ತಲೇ ಕಪ್ಪಾಗುತ್ತದೆ. ಕ್ಲಾಸಿನ ಗಿಟಾರುಗಳು, ಚರ್ಚ್ ಕ್ವಾಯರಿನವು, ನನ್ನ ಸ್ವಂತದವು, ಎಲ್ಲಕ್ಕೂ ತಂತಿ ಹಾಕುವುದು ನಾನೇ. ವೈಂಡರ್ ಅಂದರೆ ಗಿಟಾರಿನ ಕೀಗೆ ಸಿಕ್ಕಿಸಿ ತಿರುಗಿಸಿ ತಂತಿ ಸುತ್ತುವ ಸಾಧನ. ಕೈಯಲ್ಲಿ ತಿರುಗಿಸುವ ವೈಂಡರ್, ಬ್ಯಾಟರಿಯ ವೈಂಡರ್ ಎರಡನ್ನೂ ವರ್ಷಗಟ್ಟಲೆ ಬಳಸಿದ್ದೇನೆ. ಯಾವುದು ಕೊಳ್ಳಲಿ ಎಂದು ಕೇಳಿದವರಿಗೆ ನನ್ನ ಉತ್ತರ ಒಂದೇ: ಮನೆಯಲ್ಲಿ ಒಂದೆರಡು ಗಿಟಾರ್ ಇದ್ದರೆ ಕೈಯದು ಧಾರಾಳ ಸಾಕು.

ಲೆಕ್ಕ ಹಾಕಿ ನೋಡಿ. ಗಿಟಾರಿನ ತಲೆಯಲ್ಲಿ ತಂತಿ ಬಿಗಿಯುವ ಸಾಧಾರಣ ಟ್ಯೂನಿಂಗ್ ಕೀಗಳ ಗೇರ್ ಅನುಪಾತ 14:1 ಅಥವಾ 18:1 ಇರುತ್ತದೆ. 14:1 ಅಂದರೆ ಕೀಯನ್ನು 14 ಸಲ ತಿರುಗಿಸಿದಾಗ ತಂತಿ ಸುತ್ತುವ ಪೋಸ್ಟ್ ಒಂದು ಸುತ್ತು ಬರುತ್ತದೆ. ಒಂದು ತಂತಿಗೆ ಮೂರು ಸುತ್ತು ಬೇಕೆಂದರೆ 42 ತಿರುವು. ಆರು ತಂತಿಗೆ 252. ಬರಿಗೈಯಲ್ಲಿ ಇದನ್ನು ಮಾಡಿದರೆ ಬೆರಳು ನೋಯುತ್ತದೆ, ಅದಕ್ಕೇ ವೈಂಡರ್ ಬೇಕು. ಆದರೆ ಕೈ ವೈಂಡರಿನಲ್ಲಿ ಸೆಕೆಂಡಿಗೆ ಎರಡು ತಿರುವು ಆರಾಮವಾಗಿ ಬರುತ್ತದೆ, ಎರಡು ನಿಮಿಷದ ಕೆಲಸ. ನಿಮಿಷಕ್ಕೆ 200 ಸುತ್ತು ತಿರುಗುವ ಮೋಟಾರಿಗೆ ಅದೇ ಕೆಲಸಕ್ಕೆ ಒಂದೂಕಾಲು ನಿಮಿಷ. ಉಳಿಯುವುದು ಮುಕ್ಕಾಲು ನಿಮಿಷ, ಹಳೆ ತಂತಿ ಬಿಚ್ಚುವಾಗಲೂ ಹೆಚ್ಚುಕಡಿಮೆ ಅಷ್ಟೇ. ನಿಜವಾಗಿ ಹೊತ್ತು ಹಿಡಿಯುವುದು ತಂತಿಯ ಬುಡವನ್ನು ಹಿಡಿದಿಡುವ ಬ್ರಿಜ್ ಪಿನ್ ಕೀಳುವುದು, ಬೆರಳಿಟ್ಟು ನುಡಿಸುವ ಪಟ್ಟಿಯಾದ ಫ್ರೆಟ್‌ಬೋರ್ಡಿನ ಕೊಳೆ ಒರೆಸುವುದು, ಹೊಸ ತಂತಿಯನ್ನು ಎಳೆದೆಳೆದು ಮತ್ತೆ ಮತ್ತೆ ಶ್ರುತಿ ಮಾಡುವುದು. ಅಲ್ಲಿ ಮೋಟಾರಿನಿಂದ ಏನೂ ಉಪಯೋಗವಿಲ್ಲ.

ನಾನು ದಿನಾ ಬಳಸುವುದು ಡಾಡಾರಿಯೊ ಪ್ರೊ-ವೈಂಡರ್. ತಿರುಗಿಸುವ ಹಿಡಿಯಲ್ಲೇ ತಂತಿ ಕತ್ತರಿಸುವ ಕಟರ್ ಇದೆ, ಬ್ರಿಜ್ ಪಿನ್ ಎಬ್ಬಿಸುವ ಕಚ್ಚೂ ಇದೆ. ಅಕೌಸ್ಟಿಕ್ ಗಿಟಾರಿಗೆ ಈ ಕಚ್ಚು ಬಹಳ ಮುಖ್ಯ. ಮಳೆಗಾಲದಲ್ಲಿ ಪಿನ್ ಬಿಗಿದು ಕೂತಿರುತ್ತದೆ, ಇಕ್ಕಳ ಹಾಕಿ ಎಳೆದರೆ ತಲೆ ಮುರಿಯುವ ಭಯ. ಸಂಗೀತೋಪಕರಣದ ಅಂಗಡಿಗಳಲ್ಲಿ ಸಿಗುವ ಅಗ್ಗದ ಪ್ಲಾಸ್ಟಿಕ್ ವೈಂಡರ್ ಕೂಡ ಸುತ್ತುವ ಕೆಲಸವನ್ನು ಚೆನ್ನಾಗಿಯೇ ಮಾಡುತ್ತದೆ, ಕಟರ್ ಮಾತ್ರ ಬೇರೆ ಇಟ್ಟುಕೊಳ್ಳಬೇಕು.

ಕೈಯದನ್ನು ನಾನು ಮೆಚ್ಚುವ ದೊಡ್ಡ ಕಾರಣ ಬೇರೆ. ತಂತಿ ಸುತ್ತುವಾಗ ಒಂದು ಕೈ ವೈಂಡರ್ ತಿರುಗಿಸುತ್ತಿದ್ದರೆ ಇನ್ನೊಂದು ಕೈಯ ತೋರುಬೆರಳು ನಟ್ (ತಲೆಯ ಬುಡದಲ್ಲಿ ತಂತಿಗಳು ಕೂರುವ ಸಣ್ಣ ಪಟ್ಟಿ) ಹತ್ತಿರ ತಂತಿಯನ್ನು ತುಸು ಎತ್ತಿ ಹಿಡಿದಿರುತ್ತದೆ. ಮೊದಲ ಸುತ್ತಿನ ಕೆಳಗೆ ಎರಡನೆಯದು, ಅದರ ಕೆಳಗೆ ಮೂರನೆಯದು, ಒಂದಕ್ಕೊಂದು ತಾಗಿಕೊಂಡು ಇಳಿಯಬೇಕು. ಒಂದರ ಮೇಲೊಂದು ಏರಿದರೆ ಆಮೇಲೆ ನುಡಿಸುವಾಗ ಸುತ್ತುಗಳು ಮೆಲ್ಲಗೆ ಜಾರಿ ಸರಿದು ಶ್ರುತಿ ಇಳಿಯುತ್ತಲೇ ಇರುತ್ತದೆ. ಕೈ ವೈಂಡರಿನಲ್ಲಿ ಸುತ್ತು ಅಡ್ಡ ಬಿತ್ತು ಅಂದ ಕೂಡಲೇ ಅರ್ಧ ತಿರುವು ಹಿಂದೆ ಬಂದು ಸರಿಮಾಡಬಹುದು. ಮೋಟಾರಿನಲ್ಲಿ ಕಣ್ಣಿಗೆ ಬೀಳುವಷ್ಟರಲ್ಲಿ ಮುಂದಿನ ಸುತ್ತು ಅದರ ಮೇಲೆ ಕೂತಾಗಿರುತ್ತದೆ. ಇನ್ನು ತಂತಿ ಬಿಗಿಯುತ್ತಾ ಬಂದಾಗ ಹಿಡಿ ಭಾರವಾಗುವುದು ಮಣಿಕಟ್ಟಿಗೆ ಗೊತ್ತಾಗುತ್ತದೆ. 12ರ ಲೈಟ್ ಸೆಟ್ಟಿನ ಒಂದನೇ ತಂತಿಯ ದಪ್ಪ ಇಂಚಿನ ಸಾವಿರದಲ್ಲಿ 12 ಭಾಗ ಮಾತ್ರ, ಅದು 329.63 ಹರ್ಟ್ಸ್‌ಗೆ ಏರಬೇಕು. ಶ್ರುತಿಗೆ ಬಂದಮೇಲೂ ಮೋಟಾರ್ ಒಂದೆರಡು ಸೆಕೆಂಡ್ ಓಡಿದರೆ ತಂತಿ ತುಂಡಾಗುತ್ತದೆ, ತುಂಡಾದ ತುದಿ ಮುಖದ ಕಡೆ ಹಾರುತ್ತದೆ. ಮೋಟಾರಿನ ಸದ್ದಿನಲ್ಲಿ ಶ್ರುತಿ ಕೇಳಿಸುವುದೂ ಇಲ್ಲ.

ಹಾಗೆಂದು ಬ್ಯಾಟರಿಯದನ್ನು ನಾನು ಬಿಟ್ಟಿಲ್ಲ. ಜೂನ್‌ನಲ್ಲಿ ಹೊಸ ಬ್ಯಾಚ್ ಶುರುವಾಗುವ ಮುಂಚೆ ಕ್ಲಾಸಿನ ಗಿಟಾರುಗಳನ್ನು ಸಾಲಾಗಿ ಇಟ್ಟು ತಂತಿ ಬದಲಿಸುವ ದಿನ ಅದು ನಿಜಕ್ಕೂ ಕೈ ಹಿಡಿಯುತ್ತದೆ. ಹಳೆ ತಂತಿ ಸಡಿಲಿಸುವುದು ಪೂರ್ತಿ ಮೋಟಾರಿನದೇ ಕೆಲಸ, ಅಲ್ಲಿ ಕೆಡುವಂಥದ್ದು ಏನೂ ಇಲ್ಲ. ಹೊಸ ತಂತಿ ಹಾಕುವಾಗ ಜೋಲು ಹೋಗುವವರೆಗೆ ಮಾತ್ರ ಮೋಟಾರ್, ತಂತಿ ನೆಟ್ಟಗಾದ ಕ್ಷಣದಿಂದ ಬೆರಳು. ಹನ್ನೆರಡು ತಂತಿಯ ಗಿಟಾರಿಗೆ ತಿರುವುಗಳ ಸಂಖ್ಯೆ ಐನೂರು ದಾಟುವುದರಿಂದ ಅಲ್ಲೂ ಹೀಗೇ ಮಾಡುತ್ತೇನೆ. ಆದರೆ ಅದರ ಮೂರನೇ ಜೋಡಿಯಲ್ಲಿರುವ ಮೇಲಿನ ಸ್ಥಾಯಿಯ ಜಿ ತಂತಿ ತೀರಾ ತೆಳು, ಅದನ್ನು ಮೊದಲಿಂದ ಕೊನೆತನಕ ಕೈಯಲ್ಲೇ ಸುತ್ತುವುದು ಒಳ್ಳೆಯದು. ನೈಲಾನ್ ತಂತಿಯ ಕ್ಲಾಸಿಕಲ್ ಗಿಟಾರಿನಲ್ಲಿ ತಂತಿ ತುಂಬಾ ಹಿಗ್ಗುವುದರಿಂದ ಸುತ್ತುವ ಕೆಲಸ ಹೆಚ್ಚು, ಬಿಗಿತ ಕಡಿಮೆ. ಮೋಟಾರಿಗೆ ಇದು ಹೇಳಿ ಮಾಡಿಸಿದ ಜಾಗ.

ಮಣಿಕಟ್ಟು ನೋವಿರುವವರ ಮಾತೇ ಬೇರೆ. ನಮ್ಮ ಕ್ವಾಯರಿನ ಹಿರಿಯರೊಬ್ಬರು ಸಂಧಿವಾತದಿಂದಾಗಿ ತಂತಿ ಬದಲಿಸುವುದನ್ನೇ ಬಿಟ್ಟಿದ್ದರು. ಈಗ ಬ್ಯಾಟರಿ ವೈಂಡರ್ ಹಿಡಿದು ಯಾರನ್ನೂ ಕಾಯದೆ ತಾವೇ ಮಾಡಿಕೊಳ್ಳುತ್ತಾರೆ. ಅಂಥವರು ಮೇಲಿನ ಲೆಕ್ಕವನ್ನೆಲ್ಲ ಬದಿಗಿಟ್ಟು ಮೋಟಾರಿನದೇ ಕೊಳ್ಳಲಿ.

ಕೊಳ್ಳುವವರು ಕೆಲವು ವಿಷಯ ಗಮನಿಸಿ. ಎರಡೂ ಬದಿಗೆ ಮೂರು ಮೂರು ಕೀ ಇರುವ ಗಿಟಾರಿನ ತಲೆಯಲ್ಲಿ ಒಂದು ಬದಿ ಬಿಗಿಯುವ ದಿಕ್ಕು ಇನ್ನೊಂದು ಬದಿಗೆ ಉಲ್ಟಾ. ಅಂದರೆ ನಾಲ್ಕನೇ ತಂತಿಯಿಂದ ಮೂರನೆಯದಕ್ಕೆ ಬಂದಾಗ ಮೋಟಾರಿನ ದಿಕ್ಕು ಬದಲಿಸಲೇಬೇಕು. ಈ ಸ್ವಿಚ್ ಹೆಬ್ಬೆರಳಿಗೆ ಸುಲಭವಾಗಿ ಸಿಗದಿದ್ದರೆ ಪ್ರತಿ ಸಲವೂ ಕಿರಿಕಿರಿ. ಆರೂ ಕೀ ಒಂದೇ ಸಾಲಿನಲ್ಲಿರುವ ಎಲೆಕ್ಟ್ರಿಕ್ ಗಿಟಾರಿನಲ್ಲಿ ಈ ತೊಂದರೆ ಇಲ್ಲ. ಕೀ ಹಿಡಿಯುವ ಬಾಯಿಯ ಒಳಗೆ ರಬ್ಬರ್ ಪದರ ಇದೆಯೇ ನೋಡಿ, ಬರೀ ಗಟ್ಟಿ ಪ್ಲಾಸ್ಟಿಕ್ಕಾದರೆ ಕೀಯ ಪಾಲಿಶ್ ಮೇಲೆ ಗೀರು ಬೀಳುತ್ತದೆ. ಪೆನ್ಸಿಲ್ ಸೆಲ್ ಹಾಕುವ ಮಾದರಿಯಾದರೆ ಕೆಲಸ ಮುಗಿದ ಮೇಲೆ ಸೆಲ್ ತೆಗೆದಿಡಿ, ನಮ್ಮ ಕರಾವಳಿಯ ತೇವಕ್ಕೆ ಒಳಗಿನ ಸ್ಪ್ರಿಂಗ್ ಬೇಗ ಕಿಲುಬು ಹಿಡಿಯುತ್ತದೆ.

ಸ್ಕ್ರೂಡ್ರೈವರ್ ಮೆಷಿನ್ನಿಗೆ ಸಿಕ್ಕಿಸುವ ವೈಂಡರ್ ಬಿಟ್ ಕೂಡ ಸಿಗುತ್ತದೆ, ಬಹಳ ಅಗ್ಗ. 3.6 ವೋಲ್ಟ್‌ನ ಪುಟ್ಟ ಮೆಷಿನ್ ಮನೆಯಲ್ಲಿದ್ದರೆ ಇದೇ ಲಾಭ. ಗೋಡೆ ಕೊರೆಯುವ ಡ್ರಿಲ್ಲಿಗೆ ಮಾತ್ರ ಸಿಕ್ಕಿಸಬೇಡಿ, ಅದರ ಭಾರಕ್ಕೂ ಶಕ್ತಿಗೂ ಟ್ಯೂನಿಂಗ್ ಕೀಯ ಸಣ್ಣ ಗೇರು ತಡೆಯುವುದಿಲ್ಲ. ಇನ್ನು ರೋಡಿ 3ರಂಥ ಉಪಕರಣ ತಂತಿ ಸುತ್ತುವುದಲ್ಲದೆ ಕಂಪನ ಗ್ರಹಿಸಿ ತಾನೇ ಶ್ರುತಿಯನ್ನೂ ಮಾಡುತ್ತದೆ. ಗಲಾಟೆಯ ವೇದಿಕೆಯ ಹಿಂದೆ, ಹಾಡಿಗೊಂದು ಶ್ರುತಿ ಬದಲಿಸುವವರಿಗೆ ಅದು ಉಪಯುಕ್ತ. ಕಲಿಯುವ ಮಕ್ಕಳಿಗೆ ನಾನು ಕೊಡಿಸಲಾರೆ, ಕಿವಿ ಪಳಗುವ ವಯಸ್ಸಿನಲ್ಲಿ ಶ್ರುತಿಯನ್ನು ಅವರೇ ಮಾಡಬೇಕು.

ಬೇಸ್ ಗಿಟಾರಿನ ಅಗಲ ಕೀಗಳು ಹೆಚ್ಚಿನ ವೈಂಡರುಗಳ ಬಾಯಿಗೆ ಹಿಡಿಸುವುದಿಲ್ಲ. ಬೇಸ್ ನುಡಿಸುವವರು ಅಂಗಡಿಗೆ ಗಿಟಾರ್ ಒಯ್ದು, ಹಾಕಿ ನೋಡಿಯೇ ದುಡ್ಡು ಕೊಡಿ.