ಓವನ್‌ಗೆ ಹಾಕಿಸಿದ ಸಾಲಿಡ್ ಸ್ಟೇಟ್ ಪ್ಯಾನೆಲ್, ಎರಡು ವರ್ಷ ಆದ್ಮೇಲೆ

ಹಾಸನದ ಹತ್ರ ನಮ್ಮದೊಂದು ಬೇಕರಿ, 15 ಕಿಲೋವ್ಯಾಟ್ ತ್ರೀ ಫೇಸ್ ಓವನ್. ಮೊದಲು ಓವನ್ನಿಗೆ ಕರೆಂಟ್ ಕೊಟ್ಟು ನಿಲ್ಲಿಸೋಕೆ ಕಾಂಟ್ಯಾಕ್ಟರ್ (ಆಯಸ್ಕಾಂತದಿಂದ ಓಡೋ ಸ್ವಿಚ್ಚು) ಇತ್ತು, ದಿನವೆಲ್ಲ ಟಕ್ ಟಕ್ ಅಂತ ಹೊಡ್ಕೊಂಡು ಪಾಯಿಂಟ್ ಸುಟ್ಟೋಗೋದು. ಬೇಸತ್ತು, ವೋಲ್ಟೇಜ್ ಏರುಪೇರಾದ್ರೆ ತಾನೇ ಕಟ್ ಮಾಡೋ ಸಾಲಿಡ್ ಸ್ಟೇಟ್ ಪ್ಯಾನೆಲ್, ಅಂದ್ರೆ ಎಲೆಕ್ಟ್ರಾನಿಕ್ ಸ್ವಿಚ್ಚಿನ ಡಬ್ಬ, ಹಾಕಿಸಿದೆ. ಸದ್ದೇ ಇಲ್ಲ, ಅದು ನಿಜ.

ಆದ್ರೆ ಮೊದಲ ಬೇಸಿಗೆಲೇ ಡಬ್ಬದ ಬಾಗಿಲು ಮುಟ್ಟೋಕಾಗದಷ್ಟು ಬಿಸಿ. ಮಾರಿದವರನ್ನ ಕೇಳಿದ್ರೆ "ಲಾಸ್ ಏನೂ ಇಲ್ಲ ಸಾರ್" ಅಂದ್ರು. ಲಾಸ್ ಇಲ್ದೆ ಬಿಸಿ ಎಲ್ಲಿಂದ ಬಂತು? ಕಾಂಟ್ಯಾಕ್ಟರಲ್ಲಿ ಲೋಹಕ್ಕೆ ಲೋಹ ತಾಗುತ್ತೆ, ಇಲ್ಲಿ ಕರೆಂಟ್ ಥೈರಿಸ್ಟರ್ ಅನ್ನೋ ಸಿಲಿಕಾನ್ ಸ್ವಿಚ್ ದಾಟಬೇಕು, ದಾಟುವಾಗ ಒಂದೂಕಾಲು ವೋಲ್ಟ್ ಆಸುಪಾಸು ಅಲ್ಲೇ ಬಿಸಿಯಾಗಿ ಹೋಗುತ್ತೆ, ಫೇಸಿಗೆ 21 ಆಂಪ್ಸ್ ಅಂದ್ರೆ 26 ವ್ಯಾಟ್, ಮೂರೂ ಸೇರಿ 80ರ ಹತ್ರ. ಓವನ್ ಎಳೆಯೋದರ ಅರ್ಧ ಪರ್ಸೆಂಟ್ ಅಷ್ಟೇ, ಬಿಲ್ಲಲ್ಲಿ ಗೊತ್ತಾಗಲ್ಲ. ಆದ್ರೆ ಮುಚ್ಚಿದ ತಗಡಿನ ಡಬ್ಬದೊಳಗೆ 80 ವ್ಯಾಟಿನ ಬುರುಡೆ ಬಲ್ಬು ಉರಿಸಿಟ್ಟ ಹಾಗೆ. ಅದನ್ನ ತಣ್ಣಗಿಡೋಕೆ 20 ವ್ಯಾಟಿನ ಫ್ಯಾನ್ ಬೇರೆ, ಓವನ್ ಆರಿಸಿದ್ರೂ ರಾತ್ರಿಯೆಲ್ಲ ಸುಮ್ನೆ ತಿರುಗ್ತಿತ್ತು, ಹಗಲೂ ರಾತ್ರಿ ಸೇರಿ ದಿನಕ್ಕೆ ಅರ್ಧ ಯೂನಿಟ್ ಖರ್ಚು. ಬಿಸಿ ಇಳಿದ್ರೆ ಫ್ಯಾನ್ ಆರಿಸೋ ಒಂದು ಥರ್ಮೋಸ್ಟಾಟ್ ನಾನೇ ಹಾಕ್ಸಿ ಅದನ್ನ ನಿಲ್ಲಿಸಿದೆ.

ಈಗ ಬೆಳಿಗ್ಗೆ ನಾಲ್ಕೂವರೆಗೆ, ಹಿಟ್ಟು ಕಲಸೋಕೆ ಮುಂಚೆ, ಮೇನ್ ಇಳಿಸಿ ಹಳೇ ಪೇಂಟ್ ಬ್ರಷ್ಷಲ್ಲಿ ಹೀಟ್ ಸಿಂಕಿನ (ಥೈರಿಸ್ಟರಿನ ಬಿಸಿ ಗಾಳಿಗೆ ಬಿಡೋ ಲೋಹದ ರೆಕ್ಕೆಗಳು) ಸಂದಿ ಸಂದಿ ಗುಡಿಸ್ತೀನಿ. ಮೈದಾ ಧೂಳು ಕೂತು ತೇವ ಹಿಡಿದ್ರೆ ಉಗುರಲ್ಲಿ ಕೆರೆದ್ರೂ ಬರಲ್ಲ, ಗಾಳಿನೂ ಆಡಲ್ಲ. ಮೇನ್ ಇಳಿಸೋದು ಮರೀಬೇಡಿ, ಪ್ಯಾನೆಲ್ ಆಫ್ ಅಂತ ತೋರಿಸ್ತಿದ್ರೂ ಕೆಲವು ಮಿಲಿಆಂಪ್ ಸೋರ್ತಾನೇ ಇರುತ್ತೆ, ಟೆಸ್ಟರ್ ಇಟ್ರೆ ಮಿಣುಕುತ್ತೆ. ಕೆಟ್ರೂ ಸಾಮಾನ್ಯವಾಗಿ ಶಾರ್ಟ್ ಆಗೇ ಕೆಡೋದು, ಕರೆಂಟ್ ಕಟ್ ಆಗಲ್ಲ, ಅದಕ್ಕೇ ಹಳೇ ಕಾಂಟ್ಯಾಕ್ಟರನ್ನ ಹಿಂದೆ ಅದೇ ಲೈನಲ್ಲಿ (ಸೀರೀಸಲ್ಲಿ) ಉಳಿಸ್ಕೊಂಡಿದೀನಿ.

ವಾಪಸ್ ಕೊಡೋಣ ಅಂತಾನೇ ಇದ್ದೆ. ಹೋದ ಆಷಾಢದಲ್ಲಿ ಮರ ಬಿದ್ದು ಲೈನಿನ ನ್ಯೂಟ್ರಲ್ ಕಿತ್ತೋಯ್ತು, ವೋಲ್ಟೇಜ್ ಏರಿ ಪಕ್ಕದ ಎರಡು ಮನೇಲಿ ಫ್ರಿಜ್ಜು, ಟಿವಿ ಸುಟ್ಟೋದ್ವು. ನಮ್ಮ ಪ್ಯಾನೆಲ್ ಮಾತ್ರ ತಾನೇ ಕಟ್ ಮಾಡ್ತು: ಥೈರಿಸ್ಟರಿಗೆ ಗೇಟ್ ಸಿಗ್ನಲ್ (ಆನ್ ಆಗಿರು ಅನ್ನೋ ಸೂಚನೆ) ನಿಂತ್ರೆ ಕರೆಂಟ್ ಸೊನ್ನೆ ಮುಟ್ಟಿದ ತಕ್ಷಣ ನಿಂತೋಗುತ್ತೆ, 10 ಮಿಲಿಸೆಕೆಂಡ್ ಒಳಗೆ. ನಮ್ಮ ಓವನ್ನಿಗೆ ಏನೂ ಆಗ್ಲಿಲ್ಲ, ಒಳಗಿದ್ದ ಬನ್ ಮಾತ್ರ ಅರೆಬೆಂದವು.

ಅದಾದ್ಮೇಲೆ ದುಡ್ಡು ಹೊಂದಿಸಿ ದೊಡ್ಡ ಹೀಟ್ ಸಿಂಕ್ ಹಾಕಿಸಿದೆ. ಮೊದಲ ಬೇಸಿಗೆಲಿ ಬಾಗಿಲ ಮೇಲೆ ಅಂಗೈ ಇಟ್ಟು ಮೂರು ಎಣಿಸೋದ್ರೊಳಗೆ ತೆಗೀತಿದ್ದೆ, ಈ ಬೇಸಿಗೆ ಹತ್ತರ ತನಕ ಇಟ್ಕೊಂಡಿದ್ದೆ.