ರಾತ್ರಿ ಮಗುವಿಗೆ ಉಬ್ಬಸ ಬಂದರೆ ಎಲ್ಲಿಗೆ? ಮಣಿಪಾಲ, ಗೋವಾ, ಹುಬ್ಬಳ್ಳಿ, ಕಾರವಾರ

ನಮ್ಮ ಮನೆ ಅಂಕೋಲಾ ಕಡೆ. ಮಗನಿಗೆ ಉಬ್ಬಸ, ಮಳೆಗಾಲದಲ್ಲಿ ಜಾಸ್ತಿ. ನಾವು ನೆಚ್ಚಿಕೊಂಡಿದ್ದ ಹತ್ತಿರದ ಆಸ್ಪತ್ರೆಯಲ್ಲಿ ಈಗ ರಾತ್ರಿ ಮಕ್ಕಳ ಡಾಕ್ಟರ್ ಇರುವುದಿಲ್ಲ. "ಅಕ್ಕಾ, ಮುಂದೆ ಕರಕೊಂಡು ಹೋಗಿ" ಎನ್ನುತ್ತಾರೆ. ಹಾಗಾಗಿ ಬೇರೆ ಬೇರೆ ಸಲ ನಾಲ್ಕೂ ಕಡೆ ಹೋಗಿ ಬಂದಿದ್ದೇವೆ.

ಮಣಿಪಾಲದ ಮೇಲೆ ನಮ್ಮ ಕಡೆಯವರಿಗೆ ನಂಬಿಕೆ ದೊಡ್ಡದು. ಮಕ್ಕಳ ಐಸಿಯು ಇದೆ, ಯಾವ ಹೊತ್ತಿಗೆ ಹೋದರೂ ನೋಡುವವರಿದ್ದಾರೆ. ದಾರಿಯಲ್ಲಿ ಘಟ್ಟ ಇಲ್ಲ. ಆದರೆ ದೂರ 150 ಕಿ.ಮೀ.ಗೂ ಜಾಸ್ತಿ. ಹೊನ್ನಾವರ, ಭಟ್ಕಳ ದಾಟಿ ಹೋಗುವಷ್ಟರಲ್ಲಿ ಮಗುವಿನ ಎದೆಗೂಡು ಒಳಕ್ಕೆ ಸೆಳೆಯುವುದನ್ನೇ ನೋಡುತ್ತಾ ಕೂರಬೇಕು. 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬುಲೆನ್ಸ್ ಬೈಂದೂರು ಹತ್ತಿರದ ಶಿರೂರು ಟೋಲ್‌ನಲ್ಲಿ ಪಲ್ಟಿಯಾಗಿ ನಾಲ್ವರು ಸತ್ತರು. ಆ ಟೋಲ್ ದಾಟುವಾಗ ಈಗಲೂ ಕೈ ನಡುಗುತ್ತದೆ. ನಮ್ಮದೇ ತಾಲೂಕಿನ ಶಿರೂರಿನಲ್ಲಿ 2024ರ ಜುಲೈನಲ್ಲಿ ಗುಡ್ಡ ಕುಸಿದಾಗ ಇದೇ ಹೆದ್ದಾರಿ ದಿನಗಟ್ಟಲೆ ಬಂದ್ ಆಗಿತ್ತು. ಮಳೆಗಾಲದಲ್ಲಿ ಇದನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳಬೇಕು, ಅಲ್ವಾ?

ಗೋವಾದ ಬಾಂಬೋಳಿ ಅದಕ್ಕಿಂತ ಹತ್ತಿರ. ಅಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ಇದೆ. ಕೊಂಕಣಿ ಬಂದರೆ ಮಾತಿಗೆ ತೊಂದರೆಯೇ ಇಲ್ಲ. ಆದರೆ 2018ರಿಂದ ಹೊರ ರಾಜ್ಯದವರು ಹಣ ಕಟ್ಟಬೇಕು, ಕೈಯಲ್ಲಿ ದುಡ್ಡು ಇರಲಿ. ನಾವು ಖಾಸಗಿ ಗಾಡಿ ಮಾಡಿಕೊಂಡು ಹೋಗಿದ್ದೆವು. ಕಾಳಿ ನದಿಯ ಹಳೇ ಸೇತುವೆ 2024ರ ಆಗಸ್ಟ್‌ನಲ್ಲಿ ಕುಸಿಯಿತು. ಹೊಸದೊಂದು ಇದ್ದದ್ದಕ್ಕೆ ಗೋವಾ ದಾರಿ ಉಳಿಯಿತು.

ಹುಬ್ಬಳ್ಳಿಯ ಕಿಮ್ಸ್ (ಈಗ ಕೆಎಂಸಿಆರ್‌ಐ) ಸರ್ಕಾರಿ ಆಸ್ಪತ್ರೆಯಲ್ಲಿ ಖರ್ಚು ಕಡಿಮೆ. ಆದರೆ ಮಳೆಗಾಲದ ರಾತ್ರಿ, ಉಸಿರಾಟದ ತೊಂದರೆ ಇರುವ ಮಗುವನ್ನು ಕಟ್ಟಿಕೊಂಡು ಅರಬೈಲ್ ಘಟ್ಟ ಹತ್ತಬೇಡಿ. ಲಾರಿಗಳ ಸಾಲು, ತಿರುವಿಗೊಂದು ವಾಂತಿ, ಮಾಸ್ಕ್ ಮುಖದ ಮೇಲೆ ನಿಲ್ಲುವುದಿಲ್ಲ. ಯಲ್ಲಾಪುರದವರಿಗೆ, ಮುಂಡಗೋಡದವರಿಗೆ ಹುಬ್ಬಳ್ಳಿ ಸರಿ. ಕರಾವಳಿಯವರಿಗೆ ಅಲ್ಲ.

ನನ್ನ ಆಯ್ಕೆ ಕೇಳಿದರೆ, ಮೊದಲು ಕಾರವಾರ. ಸುಮಾರು 35 ಕಿ.ಮೀ. ದೂರದಲ್ಲಿ ಮೆಡಿಕಲ್ ಕಾಲೇಜಿನ ಆಸ್ಪತ್ರೆ ಇದೆ. ಅಲ್ಲಿ ಆಮ್ಲಜನಕ ಹಾಕಿ, ನೆಬುಲೈಸರ್ ಕೊಟ್ಟು, ಮಗು ಸ್ವಲ್ಪ ಸುಧಾರಿಸಿದ ಮೇಲೆಯೇ ಮುಂದಿನ ಮಾತು ಆಡಿದ್ದೆವು. ಇನ್ನೂ ಮುಂದೆ ಕಳಿಸಬೇಕು ಎಂದರೆ, ಏನೇನು ಔಷಧ ಎಷ್ಟು ಹೊತ್ತಿಗೆ ಕೊಟ್ಟರು ಎಂದು ರೆಫರಲ್ ಚೀಟಿಯಲ್ಲಿ ಬರೆಸಿಕೊಳ್ಳಿ. ಆಯುಷ್ಮಾನ್ ಕಾರ್ಡ್, ರೇಷನ್ ಕಾರ್ಡ್ ಚೀಲದಲ್ಲೇ ಇರಲಿ. ಮಗುವಿಗೆ ಮಾತಾಡಲು ಆಗದಿದ್ದರೆ, ತುಟಿ ನೀಲಿಯಾದರೆ, ಕಾರವಾರವನ್ನೂ ಕಾಯಬೇಡಿ. 108ಕ್ಕೆ ಕರೆ ಮಾಡಿ, ಆಮ್ಲಜನಕ ಇರುವ ಯಾವುದೇ ಹತ್ತಿರದ ಆಸ್ಪತ್ರೆಗೆ ಮೊದಲು ಹೋಗಿ.

ನನಗೆ ನೋವಾಗುವುದು ಇಲ್ಲಿ. ಉಬ್ಬಸ ಜೋರಾದಾಗ ಮೊದಲ ಒಂದು ಗಂಟೆಯಲ್ಲಿ ಬೇಕಾಗುವುದು ಇಪ್ಪತ್ತು ಇಪ್ಪತ್ತು ನಿಮಿಷಕ್ಕೆ ನೆಬುಲೈಸರ್, ಸ್ಟೀರಾಯ್ಡ್, ಆಮ್ಲಜನಕ. ಜೊತೆಗೆ ಮಗು ಸುಸ್ತಾಗುತ್ತಿದೆಯೇ ಎಂದು ಗುರುತಿಸಬಲ್ಲ ಒಬ್ಬರು. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು ನಮ್ಮ ಜಿಲ್ಲೆ ವರ್ಷಗಳಿಂದ ಕೇಳುತ್ತಿದೆ, ಅದು ಖಂಡಿತ ಬೇಕು. ಆದರೆ ಈಗ ಕಳೆದುಕೊಂಡಿರುವುದು ಅಷ್ಟು ದೊಡ್ಡ ಸೌಲಭ್ಯವನ್ನಲ್ಲ, ರಾತ್ರಿ ಎದ್ದು ಬರುವ ಒಬ್ಬ ಮಕ್ಕಳ ಡಾಕ್ಟರನ್ನು.

ಪೂರ್ತಿ ಪಾಳಿಗೆ ಜನ ಸಿಗದಿದ್ದರೆ, ಕರೆದರೆ ಬರುವ ಡಾಕ್ಟರ ಪಟ್ಟಿಯನ್ನು ಆಸ್ಪತ್ರೆಯವರು ಮಾಡಲಿ. ರಾತ್ರಿ ಡ್ಯೂಟಿಯ ನರ್ಸ್‌ಗಳಿಗೆ ಮಕ್ಕಳ ತುರ್ತು ಚಿಕಿತ್ಸೆಯ ತರಬೇತಿ ಕೊಡಲಿ. ಇಂದು ರಾತ್ರಿ ಯಾರು ಸಿಗುತ್ತಾರೆ ಎಂದು ಗೇಟಿನಲ್ಲೇ ಬೋರ್ಡ್ ಹಾಕಲಿ. ಯಾರೂ ಇಲ್ಲದಿದ್ದರೆ ಅದನ್ನೂ ಬರೆಯಲಿ, ಸುಮ್ನೆ ಒಳಗೆ ಕಾದು ಅರ್ಧ ಗಂಟೆ ಕಳೆಯುವುದಾದರೂ ತಪ್ಪುತ್ತದೆ.