ಕರಿ ಕಂಬಳಿ: ಚುಚ್ಚುತ್ತದೆ, ಆದರೂ ಬಿಡಲಾರೆ

ಮೊದಲು ಚುಚ್ಚುವ ವಿಷಯ ಹೇಳಿಬಿಡುತ್ತೇನೆ. ಹೊಸದರಲ್ಲಿ ಈ ಕಂಬಳಿ ಹೊದ್ದು ಮಲಗಿದರೆ ಬೆಳಿಗ್ಗೆ ಕುತ್ತಿಗೆ, ಮೊಣಕೈ ಎಲ್ಲ ಕೆಂಪು. ಕಡೂರು ಕಡೆಯ ಸಂತೆಯಲ್ಲಿ 2,200 ರೂಪಾಯಿ ಕೊಟ್ಟು ತಂದಿದ್ದು, ನಮ್ಮ ಮನೆಯ ಲೆಕ್ಕಕ್ಕೆ ಅದು ಸಣ್ಣ ದುಡ್ಡಲ್ಲ. ಅಷ್ಟು ಕೊಟ್ಟು ರಾತ್ರಿಯೆಲ್ಲ ಮೈ ಕೆರೆದುಕೊಳ್ಳಬೇಕಾ ಅಂತ ಸಿಟ್ಟೇ ಬಂದಿತ್ತು.

ಬಯಲುಸೀಮೆಯ ಡೆಕ್ಕನಿ ಕುರಿಯ ಉಣ್ಣೆಯೇ ಒರಟು. ಎಳೆ 30 ಮೈಕ್ರಾನ್‌ಗಿಂತ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ದಪ್ಪ ಇದ್ದರೆ ಚರ್ಮಕ್ಕೆ ತಾಗಿದಾಗ ಬಾಗುವುದಿಲ್ಲ, ತುದಿ ನೇರ ಒತ್ತುತ್ತದೆ. ಒಳ್ಳೆಯ ಸ್ವೆಟರ್‌ಗೆ ಹಾಕುವ ಮೆರಿನೊ ಎಳೆ ಅದಕ್ಕಿಂತ ಎಷ್ಟೋ ಸಣ್ಣ. ಜೊತೆಗೆ ನೇಯುವಾಗ ನೂಲಿಗೆ ಹುಣಸೆ ಬೀಜದ ಗಂಜಿ ಕೊಟ್ಟಿರುತ್ತಾರೆ, ಹೊಸ ಕಂಬಳಿ ಹಲಗೆಯ ಹಾಗೆ ಸೆಟೆದುಕೊಂಡಿರುವುದು ಅದರಿಂದ. ಬಳಸುತ್ತಾ ಹೋದರೆ ಗಂಜಿ ಬಿಡುತ್ತದೆ, ಎಳೆ ಮಾತ್ರ ಸಣ್ಣಗಾಗುವುದಿಲ್ಲ. ಅತ್ತೆಯ ಹಳೇ ಹತ್ತಿ ಸೀರೆಯೊಂದನ್ನು ಒಳಗಡೆಗೆ ಸೇರಿಸಿ ಹೊದೆಯುತ್ತೇನೆ, ಈಗ ಆ ತೊಂದರೆ ಇಲ್ಲ.

ಮನಸ್ಸು ಬದಲಾಗಿದ್ದು ಮಳೆಗಾಲದಲ್ಲಿ. ಜೂನ್ ಬಂತೆಂದರೆ ಮೂಡಿಗೆರೆಯಲ್ಲಿ ಬಟ್ಟೆ ಒಣಗುವ ಮಾತೇ ಇಲ್ಲ. ಹತ್ತಿ ಬೆಡ್‌ಶೀಟು ದಿನಗಟ್ಟಲೆ ಹಗ್ಗದ ಮೇಲಿದ್ದರೂ ಮುಟ್ಟಿದರೆ ತಣ್ಣಗೆ, ಮೂಸಿದರೆ ಮುಗ್ಗಲು. ಕಂಬಳಿ ಹಾಗಲ್ಲ. ಉಣ್ಣೆ ತನ್ನ ತೂಕದ ಸುಮಾರು 30 ಪರ್ಸೆಂಟಿನಷ್ಟು ತೇವ ಎಳೆಯೊಳಗೆ ಹೀರಿಕೊಂಡರೂ ಕೈಗೆ ಒದ್ದೆ ಅನ್ನಿಸುವುದಿಲ್ಲ, ಹೀರುವಾಗ ಒಂದಿಷ್ಟು ಬಿಸಿಯನ್ನೂ ಬಿಡುತ್ತದೆ. ನಮ್ಮ ಮನೆಯವರು ಸಣ್ಣ ಮಳೆಗೆ ಇದನ್ನೇ ಕೊಪ್ಪೆ ಮಾಡಿ ತಲೆಗೆ ಹಾಕಿಕೊಂಡು ತೋಟಕ್ಕೆ ಹೋಗುತ್ತಾರೆ, ಮೈ ಬೆಚ್ಚಗೇ ಇರುತ್ತದೆ. ಜೋರು ಮಳೆಗೆ ಬೇಡ, ನೆನೆದು ಹೊರಲಾರದಷ್ಟು ಭಾರ ಆಗುತ್ತದೆ.

ಸಂಜೆ ಹಂಡೆಗೆ ಬೆಂಕಿ ಹಾಕಿದ ಮೇಲೆ ಕಂಬಳಿಯನ್ನು ಬಚ್ಚಲೊಲೆಯ ಮೇಲಿನ ಗಳಕ್ಕೆ ಹರವುವುದು ನನ್ನ ಕೆಲಸ. ಎಲ್ಲರ ಸ್ನಾನ ಆಗುವಷ್ಟರಲ್ಲಿ ಒಂದು ಸಲ ಮಗುಚುತ್ತೇನೆ. ಊಟ ಮುಗಿಸಿ ಪಾತ್ರೆ ತೊಳೆದಿಟ್ಟು ಕೆಳಗಿಳಿಸಿದರೆ ಬೆಚ್ಚಗೆ, ಕಾಫಿ ಸೌದೆಯ ಹೊಗೆ ವಾಸನೆ. ಮಕ್ಕಳು ಅದಕ್ಕಾಗಿ ಜಗಳ ಆಡುತ್ತಾರೆ.

ಕಳೆದ ಮಳೆಗಾಲದಲ್ಲಿ ಒಲೆಯಿಂದ ಕಿಡಿ ಸಿಡಿದು ಪಕ್ಕದಲ್ಲಿದ್ದ ಫ್ಲೀಸ್ ಜಾಕೆಟ್ ಕರಗಿ ತೂತಾಯಿತು, ಪಾಲಿಯೆಸ್ಟರ್ ಅಲ್ವಾ. ಕಂಬಳಿಗೂ ಕಿಡಿ ಬಿತ್ತು, ಕೂದಲು ಸುಟ್ಟ ವಾಸನೆ ಬಂದು ಅಲ್ಲೇ ಆರಿತು. ಉಣ್ಣೆಯಲ್ಲಿ ನೈಟ್ರೋಜನ್ನೂ ತೇವವೂ ಜಾಸ್ತಿ, ಬೇಗ ಬೆಂಕಿ ಹಿಡಿಯುವುದಿಲ್ಲ. ಉಜ್ಜಿದರೆ ಕರಿ ಪುಡಿಯಾಗಿ ಉದುರಿತು, ಗುರುತೂ ಉಳಿಯಲಿಲ್ಲ.

ದೂರು ಇಲ್ಲವೆಂದಲ್ಲ. ನನ್ನದು ಎರಡು ಪಟ್ಟಿ ಸೇರಿಸಿ ಹೊಲಿದಿದ್ದು, ನಡುವಿನ ಹೊಲಿಗೆ ಬಿಟ್ಟುಹೋಯಿತು, ಅತ್ತೆ ಗೋಣಿ ಸೂಜಿಯಲ್ಲಿ ಉಣ್ಣೆ ದಾರ ಹಾಕಿ ಗಟ್ಟಿ ಮಾಡಿಕೊಟ್ಟರು. ಕೂದಲು ಉದುರುತ್ತದೆ, ಕಂಬಳಿ ಮೇಲೆ ಕೂತು ಉಂಡು ಕೂದಲು ಅಂದರೆ ಹೇಗೆ ಅಂತ ಅವರು ಅದನ್ನು ದೂರು ಅಂತಲೇ ಒಪ್ಪುವುದಿಲ್ಲ. ನಿಜವಾದ ಶತ್ರು ನುಸಿ. ಬೇಸಿಗೆಯಲ್ಲಿ ಮಡಚಿ ಟ್ರಂಕಿನಲ್ಲಿಟ್ಟರೆ ಮರಿಹುಳು ಉಣ್ಣೆ ತಿನ್ನುತ್ತದೆ, ಮೆಣಸಿನ ಕಾಳಿನಷ್ಟು ತೂತು. ಈಗ ಬಿಸಿಲಿಗೆ ಹಾಕಿ, ಚೆನ್ನಾಗಿ ಒದರಿ, ನುಸಿ ಗುಳಿಗೆ ಇಟ್ಟು ಮಡಚುತ್ತೇನೆ.

ಕೊಳ್ಳುವವರು ಒಂದು ನೋಡಿಕೊಳ್ಳಿ. ಉಣ್ಣೆ ಅಂತ ಹೇಳಿ ಅಕ್ರಿಲಿಕ್ ಕೊಡುವವರು ಇದ್ದಾರೆ, ನಮ್ಮ ನಾದಿನಿಗೆ ಪೇಟೆಯ ಒಂದು ಅಂಗಡಿಯಲ್ಲಿ ಹಾಗೇ ಆಯಿತು. ಅಂಚಿನ ಒಂದು ಎಳೆ ಕಿತ್ತು ಬೆಂಕಿಕಡ್ಡಿ ತಾಗಿಸಿ. ಉಣ್ಣೆ ಆದರೆ ಕಡ್ಡಿ ತೆಗೆದ ಮೇಲೆ ಆರುತ್ತದೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಅಕ್ರಿಲಿಕ್ ಕರಗುತ್ತಾ ಉರಿದು ಗಟ್ಟಿ ಗಂಟಾಗುತ್ತದೆ. ಮಾರುವವರು ಎಳೆ ಕೀಳಲು ಬಿಡದಿದ್ದರೆ ಮುಂದಿನವರ ಹತ್ತಿರ ಹೋಗಿ.

ಎಳೇ ಮಗು ಇರುವ ಮನೆಗೆ, ಚರ್ಮ ಸೂಕ್ಷ್ಮ ಇರುವವರಿಗೆ ನಾನು ಹೇಳುವುದಿಲ್ಲ. ಬಚ್ಚಲೊಲೆ ಇರುವ ಮಲೆನಾಡಿನ ಮನೆಗೆ ಖಂಡಿತ ತೆಗೆದುಕೊಳ್ಳಿ. ಒಗೆಯುವುದಾದರೆ ತಣ್ಣೀರಲ್ಲಿ ಸುಮ್ನೆ ಅದ್ದಿ ತೆಗೆಯಿರಿ. ಬಿಸಿನೀರಿಗೆ ಹಾಕಿ ತಿರುವಿದರೆ ಎಳೆಯ ಮೇಲಿನ ಹುರುಪೆಗಳು ಒಂದಕ್ಕೊಂದು ಸಿಕ್ಕಿಕೊಂಡು ಕಂಬಳಿ ಕುಗ್ಗಿ ದಪ್ಪಗಾಗುತ್ತದೆ, ಮತ್ತೆ ಎಳೆದು ಸರಿ ಮಾಡಲಾಗುವುದಿಲ್ಲ. ವಾಷಿಂಗ್ ಮೆಷಿನ್ ಹತ್ತಿರವೂ ಒಯ್ಯಬೇಡಿ.